ಬಿದ್ದ ಹಿಮ ಬೇಡ, ಬೀಳುವ ಹಿಮ ಬೇಕು

ಜೂನ್ ತಿಂಗಳ ಲಾಂಗ್ ವೀಕೆಂಡಿನಲ್ಲಿ ಹಿಮ ನೋಡಲು ಬೆಟ್ಟಕ್ಕೆ ಹೋಗಬೇಡಿ. ಮೆಲ್ಬರ್ನಿಗೆ ಹೊಸದಾಗಿ ಬಂದ ಕನ್ನಡದವರಿಗೆಲ್ಲ ಈ ಮಾತು ಹೇಳುತ್ತೇನೆ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಜೂನ್ ಲಾಂಗ್ ವೀಕೆಂಡಿಗೇ ಹೋಗುತ್ತಾರೆ. ಯಾಕೆಂದರೆ ಸೋಮವಾರ ಸರ್ಕಾರಿ ರಜೆ. ನಮ್ಮವರು ಆಫೀಸಿನ ಲೀವನ್ನು ಬೀರುವಿನೊಳಗಿನ ಬಂಗಾರದಂತೆ ಕೂಡಿಡುತ್ತಾರೆ. ಡಿಸೆಂಬರಿನಲ್ಲಿ ಊರಿಗೆ ಹೋಗಬೇಕು, ತಂಗಿಯ ಮದುವೆ ಇದೆ, ಸೈಟಿನ ರಿಜಿಸ್ಟ್ರೇಷನ್ ಇದೆ. ಹಿಮಕ್ಕಾಗಿ ಒಂದು ದಿನದ ಲೀವ್ ಕಳೆಯುವ ಎದೆಗಾರಿಕೆ ಯಾರಿಗೂ ಇಲ್ಲ. ಹೀಗಾಗಿ ಹಿಮ ಬೀಳುವ ದಿನ ನಾವು ಮೀಟಿಂಗಿನಲ್ಲಿ ಇರುತ್ತೇವೆ. ನಮಗೆ ಬಿಡುವಿರುವ ದಿನ ಬೆಟ್ಟದ ಮೇಲೆ ಹುಲ್ಲು ಇರುತ್ತದೆ.

ಈ ದೇಶದಲ್ಲಿ ಚಳಿಗಾಲ ಜೂನಿನಿಂದ ಆಗಸ್ಟಿನವರೆಗೆ; ಹಿಮದ ಸೀಸನ್ ಶುರುವಾಯಿತು ಎಂದು ಆ ವಾರಾಂತ್ಯಕ್ಕೇ ಘೋಷಿಸುತ್ತಾರೆ, ನಿಜ. ಆದರೆ ಅಂಗಡಿಯ ಬಾಗಿಲು ತೆಗೆದರು ಎಂದ ಮಾತ್ರಕ್ಕೆ ಸರಕು ಬಂದಿದೆ ಎಂದು ತಿಳಿಯಬಾರದು. ಇದನ್ನು ನಾನು ವ್ಯಾಪಾರದವಳಾಗಿ ಹೇಳುತ್ತಿದ್ದೇನೆ.

ಆ ವರ್ಷ ಅತ್ತೆ ಮೈಸೂರಿನಿಂದ ವಿಸಿಟರ್ ವೀಸಾದ ಮೇಲೆ ಬಂದಿದ್ದರು. ಮೊದಲು ಸಿಡ್ನಿಯಲ್ಲಿ, ಪ್ಯಾರಮಟ್ಟಾದಲ್ಲಿರುವ ಹಿರಿಯ ಮಗನ ಮನೆ. ಆಮೇಲೆ ಮೆಲ್ಬರ್ನಿನಲ್ಲಿ, ಬಾಕ್ಸ್ ಹಿಲ್‌ನ ನಮ್ಮ ಮನೆ. ಆಗಸ್ಟ್ ಕೊನೆಗೆ ವಾಪಸ್ ಟಿಕೆಟ್. ಮಂಡಿ ನೋವು, ಎದೆಯಲ್ಲಿ ಉಬ್ಬಸ, ನಾಲಿಗೆ ಮಾತ್ರ ಗಟ್ಟಿಮುಟ್ಟು. ನಮ್ಮ ಮನೆಗೆ ಬಂದ ದಿನವೇ ಹೇಳಿಬಿಟ್ಟರು:

"ನೋಡಮ್ಮ, ಇದೇ ಮೊದಲು, ಇದೇ ಕೊನೆ. ಇನ್ನೊಂದ್ಸಲ ಅಷ್ಟೊತ್ತು ವಿಮಾನದಲ್ಲಿ ಮುದುರ್ಕೊಂಡು ಕೂರೋಕೆ ನನ್ನ ಕೈಲಿ ಆಗಲ್ಲ. ಒಂದೇ ಆಸೆ ಇಟ್ಕೊಂಡು ಬಂದಿದೀನಿ. ಸ್ನೋ ಬೀಳೋದು ನೋಡ್ಬೇಕು. ಅದೊಂದು ತೋರಿಸ್ಬಿಡಿ, ನಿಮ್ಮ ಕಾಂಗರೂ ಗಿಂಗರೂ ತೋರಿಸ್ದೇ ಇದ್ರೂ ಬೇಜಾರಿಲ್ಲ."

ಈ ಆಸೆಗೆ ಒಂದು ಹಿನ್ನೆಲೆ ಇದೆ. ಅತ್ತೆ ಮೈಸೂರಿನಲ್ಲಿ ಹಿಟ್ಟಿನ ಮಿಲ್ಲು ನಡೆಸಿದವರು. ಮಾವ ಅದನ್ನು ಶುರು ಮಾಡಿ, ಬೆಲ್ಟಿನ ಗದ್ದಲ ತಲೆನೋವು ಎಂದು ಕೈಬಿಟ್ಟಾಗ ಇವರು ಸೆರಗು ಸಿಕ್ಕಿಸಿ ನಿಂತರು. ಗಂಡುಮಕ್ಕಳಿಬ್ಬರನ್ನೂ ಇಂಜಿನಿಯರಿಂಗ್ ಓದಿಸಿದ್ದು ಆ ಮಿಲ್ಲೇ. ಅದರ ಗೋಡೆಯ ಮೇಲೆ ಬೆಲ್ಟಿನ ಕಂಪನಿಯವರು ಕೊಟ್ಟ ಒಂದು ಕ್ಯಾಲೆಂಡರ್ ಇತ್ತು. ಯಾವುದೋ ದೇಶದ ಪೈನ್ ಮರಗಳು, ಅವುಗಳ ಮೇಲೆ ಸುರಿಯುತ್ತಿರುವ ಹಿಮ. ವರ್ಷ ಮುಗಿದ ಮೇಲೆ ತಾರೀಖಿನ ಹಾಳೆಗಳನ್ನು ಕಿತ್ತು, ಚಿತ್ರವನ್ನು ಮಾತ್ರ ಅಲ್ಲೇ ಬಿಟ್ಟಿದ್ದರು. ಮಿಲ್ಲನ್ನು ಬಾಡಿಗೆಗೆ ಕೊಟ್ಟ ಮೇಲೂ ಅದು ಅಲ್ಲೇ ಇತ್ತು. ಹಿಟ್ಟು ಮಾಡಿಸಲು ಬಂದವರು ಅತ್ತೆಯ ಬೆಳ್ಳಗಾದ ತಲೆ, ರೆಪ್ಪೆ, ಸೀರೆ ನೋಡಿ, "ಅಕ್ಕಾ, ನಿಮ್ಮ ಮಿಲ್ಲಲ್ಲೂ ಸ್ನೋ ಬೀಳ್ತಿದೆ ನೋಡಿ" ಎಂದು ನಗುತ್ತಿದ್ದರಂತೆ. ಹೊಸಬರು ಯಾರೇ ಬರಲಿ, ಅದೇ ಜೋಕು. ಉಬ್ಬಸವೂ ಆ ಹಿಟ್ಟಿನ ಧೂಳಿನಿಂದಲೇ ಬಂದದ್ದು.

"ನಿಜವಾದ ಸ್ನೋ ಹಿಟ್ಟಿನ ಥರ ಬೀಳುತ್ತೋ ಇಲ್ವೋ, ಒಂದ್ಸಲ ನೋಡ್ಬಿಡ್ತೀನಿ. ಇಷ್ಟು ವರ್ಷ ಅನ್ನಿಸ್ಕೊಂಡಿದೀನಲ್ಲ" ಎನ್ನುತ್ತಿದ್ದರು.

ಸರಿ, ಭಾವ ಸಿಡ್ನಿಯಿಂದ ಎಲ್ಲ ಏರ್ಪಾಡನ್ನೂ ಮಾಡಿದರು. ಅವರು ಕೆಟ್ಟವರಲ್ಲ. ಎಲ್ಲವನ್ನೂ ಮೂರು ತಿಂಗಳು ಮುಂಚೆ ಬುಕ್ ಮಾಡುವ ಜಾತಿ, ಅಷ್ಟೇ. ಜೂನ್ ಲಾಂಗ್ ವೀಕೆಂಡ್, ಬೆಟ್ಟದ ಕೆಳಗಿನ ಊರಿನಲ್ಲಿ ರೂಮು, ಬಾಡಿಗೆಯ ಜಾಕೆಟ್ಟು, ಬೂಟು. ಚಿತ್ರಾನ್ನ, ಚಪಾತಿ ರೋಲು ಕಟ್ಟಿಕೊಂಡು ಎರಡು ಮನೆಯವರೂ ಬೆಟ್ಟ ಹತ್ತಿದೆವು. ಮೇಲೆ ಕಂದು ಬಣ್ಣದ ಹುಲ್ಲು. ಅದರ ನಡುವೆ ಯಾರೋ ಬಿಳಿ ಪಂಚೆ ಒಣಹಾಕಿದಂತೆ ಒಂದೇ ಒಂದು ಪಟ್ಟೆ ಹಿಮ. ಅದರ ಪಕ್ಕದಲ್ಲಿ ದೊಡ್ಡ ಫ್ಯಾನಿನಂಥ ಯಂತ್ರವೊಂದು ನೀರನ್ನು ಗಾಳಿಗೆ ಎರಚಿ ಹೆಪ್ಪುಗಟ್ಟಿಸುತ್ತ ಭರ್ರೋ ಎಂದು ಕೂಗುತ್ತಿತ್ತು. ಇಡೀ ಮೆಲ್ಬರ್ನಿನ ಭಾರತೀಯರೆಲ್ಲ ಆ ಪಟ್ಟೆಯ ಮೇಲಿದ್ದರು. ಒಬ್ಬರು ಎಸೆದ ಹಿಮದ ಉಂಡೆ ಇನ್ನೊಬ್ಬರ ಟಿಫಿನ್ ಡಬ್ಬಿಗೆ ಬೀಳುತ್ತಿತ್ತು.

ಭಾವ ಅಮ್ಮನನ್ನು ಯಂತ್ರದ ಮುಂದೆ ನಿಲ್ಲಿಸಿದರು. "ಅಮ್ಮಾ, ಇಲ್ಲಿ ನೋಡು! ಸ್ನೋ ಬೀಳ್ತಿದೆ! ಸ್ಮೈಲ್!"

ಅತ್ತೆ ಯಂತ್ರವನ್ನು ಮೇಲಿಂದ ಕೆಳಗೆ ನೋಡಿದರು. "ಇದಕ್ಕೆ ಎಷ್ಟು ಎಚ್‌ಪಿ ಮೋಟರ್ರೋ?"

"ಅಮ್ಮಾ, ಫೋಟೋಗೆ ನಗು ಅಂದ್ರೆ."

"ಅಲ್ಲ ಕಣೋ, ಮೋಟರ್ ತಿರುಗಿ ಬಿಳೀದು ಬೀಳೋದನ್ನ ನಾನು ಮೂವತ್ತು ವರ್ಷ ದಿನಾ ನೋಡಿದೀನಿ. ಅದನ್ನೇ ನೋಡೋಕೆ ಇಲ್ಲೀತನಕ ಬಂದ್ನಾ?"

ಆದರೂ ಭಾವ ಫೋಟೋ ಹೊಡೆದರು. ಯಂತ್ರ ಕಾಣದಂತೆ ಕತ್ತರಿಸಿ, ಅಂದೇ ಫೇಸ್‌ಬುಕ್ಕಿಗೆ ಹಾಕಿದರು. "ಅಮ್ಮನ ಮೊದಲ ಹಿಮಪಾತ! ಕನಸು ನನಸಾಯಿತು" ಎಂದು ಮೇಲೊಂದು ಸಾಲು. ಮೈಸೂರಿನಿಂದ ಶುಭಾಶಯಗಳು ಬಂದವೇ ಬಂದವು. ಅತ್ತೆಯ ಓರಗೆಯವರು ಫೋನ್ ಮಾಡಿ ಹೇಗಿತ್ತು ಎಂದು ಕೇಳಿದರೆ ಇವರು, "ಸುಳ್ಳು. ಪಂಪಿನ ನೀರು" ಎಂದು ಇಟ್ಟುಬಿಡುತ್ತಿದ್ದರು. ಮಗನಿಗೆ ದಿನಕ್ಕೊಮ್ಮೆ ಹೇಳುತ್ತಿದ್ದರು, ಆ ಫೋಟೋ ತೆಗೆದುಹಾಕು ಎಂದು. ಭಾವ ನಕ್ಕು, "ಬಿಡಮ್ಮ, ಅಲ್ಲಿರೋರಿಗೆ ಏನ್ ಗೊತ್ತಾಗುತ್ತೆ?" ಎನ್ನುತ್ತಿದ್ದರು.

ಆ ಮಾತು ನನಗೆ ನಾಟಿತು. ಅಲ್ಲಿರುವವರಿಗೆ ಗೊತ್ತಾಗುವುದಿಲ್ಲ, ಸರಿ. ಇಲ್ಲಿರುವ ಮುದುಕಿಗೆ ಗೊತ್ತಿದೆಯಲ್ಲ? ವಯಸ್ಸಾದವರಿಗೆ ಏನೋ ಒಂದು ತೋರಿಸಿ, ಆಯಿತು, ಮುಗಿಯಿತು ಎಂದು ಕೈತೊಳೆದುಕೊಳ್ಳುವುದು ನನ್ನ ಕಣ್ಣಿಗೆ ಕಳಪೆ ಮಾಲನ್ನು ದಾಟಿಸಿದ ಹಾಗೆಯೇ. ಅತ್ತೆಗೂ ನನಗೂ ಅಡುಗೆಮನೆಯಲ್ಲಿ ದಿನಕ್ಕೆರಡು ಸಲ ಕಾವೇರುತ್ತದೆ. ಆದರೆ ಈ ವಿಷಯದಲ್ಲಿ ನಾನು ಅವರ ಕಡೆ ನಿಂತೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಈ ದೇಶಕ್ಕೆ ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳು. ಆಗ ಸಿಡ್ನಿಯ ಎಪ್ಪಿಂಗ್‌ನಲ್ಲಿದ್ದೆವು. ನನ್ನ ಡಿಗ್ರಿಯನ್ನು ಯಾರೂ ಮೂಸಲಿಲ್ಲ. ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿದೆ, ಪ್ಯಾಂಟಿನ ಅಂಚು ಮಡಿಸಿದೆ, ಶಾಲೆಯ ಮಕ್ಕಳ ಯೂನಿಫಾರಂ ಸಡಿಲಿಸಿದೆ. ಗಂಡನ ಕೆಲಸ ಮೆಲ್ಬರ್ನಿಗೆ ಬದಲಾದಾಗ ಮೆಷಿನ್ನೂ ಬಂತು. ಈಗ ಬಾಕ್ಸ್ ಹಿಲ್‌ನಲ್ಲಿ ನನ್ನದೇ ಆಲ್ಟರೇಷನ್ ಅಂಗಡಿಯಿದೆ. ಬಾಡಿಗೆಯಿಂದ ಹಿಡಿದು ನೂಲಿನವರೆಗೆ ಯಾವುದನ್ನೂ ಹೇಳಿದ ಬೆಲೆಗೆ ಒಪ್ಪಿಕೊಂಡವಳಲ್ಲ. ಹಾಗಿರುವಾಗ ಹವಾಮಾನ ಹೇಳಿದ್ದನ್ನು ಹೇಳಿದ ಹಾಗೆ ಯಾಕೆ ಒಪ್ಪಲಿ?

ಚಳಿಗಾಲದಲ್ಲಿ ನನ್ನ ಅಂಗಡಿಗೆ ಸ್ಕೀ ಜಾಕೆಟ್ಟುಗಳು ಬರುತ್ತವೆ. ಎಲ್ಲಕ್ಕೂ ಒಂದೇ ಕಾಯಿಲೆ, ಜಿಪ್ಪು. ಒಬ್ಬ ಹಿರಿಯ ಗಿರಾಕಿಯಿದ್ದ, ಇಲ್ಲಿಯವನೇ, ಬಾಲ್ಯದಿಂದ ಬೆಟ್ಟ ತಿಳಿದವನು. ಅವನ ಹಳೆಯ ಪ್ಯಾಂಟಿನ ಜಿಪ್ಪನ್ನು ಎಲ್ಲರೂ ಆಗುವುದಿಲ್ಲ ಎಂದು ವಾಪಸ್ ಕಳಿಸಿದ್ದರು. ನಾನು ಕೈಯಲ್ಲಿ ಹಿಡಿದು ನೋಡಿ, ಆಗುತ್ತದೆ, ಆದರೆ ಕೂಲಿ ಬೇಡ, ಪಾಠ ಬೇಕು ಎಂದೆ. ಹಿಮ ಬೀಳುವ ದಿನವನ್ನು ಹಿಡಿಯುವುದು ಹೇಗೆ, ಹೇಳು. ಅವನು ನಕ್ಕು ಸ್ಟೂಲು ಎಳೆದುಕೊಂಡ.

ಅವನು ಹೇಳಿದ್ದರಲ್ಲಿ ನಾನು ಉಳಿಸಿಕೊಂಡದ್ದು ಇಷ್ಟು, ಬೇಕಾದವರು ತೆಗೆದುಕೊಳ್ಳಿ. ಸ್ನೋ ರಿಪೋರ್ಟಿನಲ್ಲಿ ಮೊದಲು ಕಾಣುವುದು ಹಿಮ ಎಷ್ಟು ಆಳ ಎಂಬ ಸಂಖ್ಯೆ. ಅದು ಸ್ಕೀ ಮಾಡುವವರಿಗೆ. ಬಿದ್ದಾಗಿರುವುದರ ಲೆಕ್ಕ ಅದು, ಬೀಳುವುದರದ್ದಲ್ಲ. ಬೀಳುವುದು ಬೇಕೆಂದರೆ ಮುನ್ಸೂಚನೆಯಲ್ಲಿ ಎರಡನ್ನೇ ನೋಡಬೇಕು. ಒಂದು, ನೀರು ಹೆಪ್ಪುಗಟ್ಟುವ ಚಳಿ ಎಷ್ಟು ಎತ್ತರದಿಂದ ಶುರುವಾಗುತ್ತದೆ ಎನ್ನುವುದು. ಅದು ಬೆಟ್ಟದ ಮೇಲಿನ ಹಳ್ಳಿಗಿಂತ ಕೆಳಗಿಳಿಯಬೇಕು. ಇನ್ನೊಂದು, ಗಾಳಿ ಯಾವ ಕಡೆಯದು. ವಾಯವ್ಯದಿಂದ ಬೀಸಿದರೆ ಒಳನಾಡಿನ ಬಿಸಿ ಹೊತ್ತು ಬರುತ್ತದೆ, ಬರೀ ಮಳೆ. ಆಮೇಲೆ ಗಾಳಿ ತಟ್ಟನೆ ತಿರುಗಿ ನೈಋತ್ಯಕ್ಕೆ ಬಂದರೆ ದಕ್ಷಿಣದ ಸಮುದ್ರದ ಚಳಿ ನುಗ್ಗುತ್ತದೆ. ಆ ತಿರುವಿನ ಹಿಂದೆಯೇ ಹಿಮ. "ಮೇಲೆ ಹೋದಾಗ ಫೋನ್ ನೋಡಬೇಡ, ಬಾವುಟ ನೋಡು" ಎಂದ.

ಹಾಗಾದರೆ ಹಿಮ ಬೀಳುವುದು ಎಲ್ಲರೂ ಮನೆಯಲ್ಲಿ ಕೂರುವ ದಿನವೇ. ಆ್ಯಪ್ ತುಂಬ ಕೆಂಪು ಎಚ್ಚರಿಕೆ ಇರುವ, ಗಾಳಿಗೆ ಬೆಟ್ಟ ಹತ್ತಿಸುವ ಕುರ್ಚಿ ಲಿಫ್ಟುಗಳು ನಿಂತಿರುವ ದಿನ. ಎಲ್ಲರೂ ಬೇಡವೆಂದು ಬಿಟ್ಟ ಮಾಲು! ನನಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ವಿಷಯ ಇನ್ನೊಂದಿಲ್ಲ.

ಜುಲೈ ಪೂರ್ತಿ ಪರಿಚಯದವರು ಫೋನ್ ಮಾಡಿದರು. "ಆಂಟೀನ ಕರ್ಕೊಂಡು ಬನ್ನಿ, ರಿಪೋರ್ಟ್ ಸೂಪರ್ ಇದೆ, ಫುಲ್ ಬಿಸಿಲು, ಫುಲ್ ಸ್ನೋ." ಅತ್ತೆ ಸ್ಪೀಕರಿನಲ್ಲಿ ಕೇಳಿಸಿಕೊಂಡು ಅಡ್ಡಡ್ಡ ತಲೆಯಾಡಿಸುತ್ತಿದ್ದರು. "ಬಿಸಿಲಿದ್ರೆ ಬೀಳಲ್ಲ. ಬಿದ್ದಿರೋದು ನಂಗ್ ಬೇಡ. ಬೀಳೋದು ಬೇಕು." ನಾನು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಗಾಳಿಯ ಬಾಣದ ಗುರುತುಗಳನ್ನು ನೋಡುತ್ತಿದ್ದೆ. ಎರಡು ಸಲ ಚಳಿ ಬಂದು ಅರ್ಧ ದಾರಿಯಲ್ಲಿ ಸೋತು ಹೋಯಿತು. ಆಗಸ್ಟ್ ಮುಗಿಯುತ್ತ ಬಂತು. ಅತ್ತೆಯ ಸೂಟ್‌ಕೇಸು ಮಂಚದ ಕೆಳಗಿನಿಂದ ಹೊರಗೆ ಬಂತು.

ಹೊರಡುವ ವಾರದಲ್ಲಿ ಅದು ಕಾಣಿಸಿತು. ಗುರುವಾರ ಬೆಳಿಗ್ಗೆ ಮಳೆ, ಜೋರು ಗಾಳಿ, ಮಧ್ಯಾಹ್ನ ಗಾಳಿ ತಿರುಗುವ ಸೂಚನೆ, ಚಳಿ ಹಳ್ಳಿಗಿಂತ ಎಷ್ಟೋ ಕೆಳಕ್ಕೆ. ಮುನ್ಸೂಚನೆಯ ಪುಟವೆಲ್ಲ ಕೆಂಪು. ನಾನು ಗಂಡನ ಮುಂದೆ ಫೋನ್ ಹಿಡಿದೆ.

"ಗುರುವಾರಾನಾ? ಲೀವ್ ಹಾಕ್ಬೇಕಾಗುತ್ತೆ ಕಣೇ. ಡಿಸೆಂಬರ್‌ಗೆ ಒಂದು ದಿನ ಕಮ್ಮಿ ಆಗುತ್ತೆ."

"ಡಿಸೆಂಬರ್‌ನಲ್ಲಿ ಯಾರನ್ನ ನೋಡೋಕೆ ಹೋಗ್ತೀರಾ? ಅಮ್ಮನ್ನ ತಾನೆ? ಅಮ್ಮ ಇಲ್ಲೇ ಇದಾರೆ. ಹಾಕ್ರೀ ಲೀವು."

ಅವರು ಲ್ಯಾಪ್‌ಟಾಪ್ ತೆರೆದರು. ಈ ಮನುಷ್ಯನನ್ನು ಒಪ್ಪಿಸುವುದು ಸುಲಭ. ಭಾವ ಹಾಗಲ್ಲ. ಸುದ್ದಿ ಹೇಗೋ ಪ್ಯಾರಮಟ್ಟಾಕ್ಕೆ ಮುಟ್ಟಿ, ಫೋನ್ ನೇರವಾಗಿ ನನಗೇ ಬಂತು.

"ನೋಡಮ್ಮ, ನಿಂಗೆ ತಲೆ ಸರಿ ಇದ್ಯಾ? ವಾರ್ನಿಂಗ್ ನೋಡಿದ್ಯಾ? ಅಮ್ಮಂಗೆ ಉಬ್ಬಸ. ಆ ಚಳೀಲಿ ಅಟ್ಯಾಕ್ ಆದ್ರೆ ಏನ್ಮಾಡ್ತೀಯಾ? ಫ್ಲೈಟ್ ಇದೆ ಸೋಮವಾರ."

"ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿದ್ದೆ ಭಾವ. ಹೊರಗೆ ಹೋಗೋಕ್ ಮುಂಚೆ ಪಫ್ ತಗೊಳ್ಳಿ, ಬಾಯಿ ಮೂಗು ಮುಚ್ಕೊಳ್ಳಿ, ಅರ್ಧ ಗಂಟೆಗಿಂತ ಜಾಸ್ತಿ ಬೇಡ ಅಂದ್ರು. ಹೋಗ್ಬೇಡಿ ಅನ್ನಲಿಲ್ಲ."

"ಡಾಕ್ಟರ್ ಏನಾದ್ರೂ ಅನ್ಲಿ. ಒಂದ್ಸಲ ಸ್ನೋ ತೋರಿಸಿ ಆಯ್ತಲ್ಲ! ಮತ್ತೆ ಯಾಕೆ ಈ ಹುಚ್ಚು? ಇದೆಲ್ಲಾ ನಮ್ಮಂಥೋರಿಗಲ್ಲ, ಅರ್ಥ ಮಾಡ್ಕೋ."

ಅವರಿಗೆ ಭಯವಿತ್ತು. ಚಿಕ್ಕಂದಿನಲ್ಲಿ ಅಮ್ಮ ಮಿಲ್ಲಿನ ಮೆಟ್ಟಿಲ ಮೇಲೆ ಕೂತು ಉಸಿರಿಗಾಗಿ ಒದ್ದಾಡಿದ್ದನ್ನು ಕಂಡವರು. ಆ ಭಯವನ್ನು ನಾನು ಹಗುರವಾಗಿ ಕಾಣಲಿಲ್ಲ. ಆದರೆ ನಮ್ಮಂಥವರಿಗಲ್ಲ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಬೆನ್ನು ನೆಟ್ಟಗಾಗುತ್ತದೆ. ಹೊಲಿಗೆ ಅಂಗಡಿ ಹಾಕುವಾಗಲೂ ಇದೇ ಮಾತನ್ನು ಕೇಳಿದ್ದೆ.

ನಾನು ಉತ್ತರಿಸುವ ಮುಂಚೆ ಅತ್ತೆ ಫೋನ್ ಕಸಿದುಕೊಂಡರು. "ಎದೆ ನಂದು, ಉಸಿರು ನಂದು. ನಿಂಗೇನೋ ಕಷ್ಟ? ಹಿಟ್ಟಿನ ಧೂಳು ಕುಡಿದು ನಿನ್ನನ್ನ ಓದಿಸ್ವಾಗ ಯಾರಾದ್ರೂ ಬೇಡ ಅಂದ್ರಾ?"

ಸೋಫಾದ ಮೇಲೆ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆಯೇ ಹೇಳಿದಳು: "ಗೋ ಅಜ್ಜಿ! ದೊಡ್ಡಪ್ಪ ಈಸ್ ಜಸ್ಟ್ ಸ್ಕೇರ್ಡ್."

ಗುರುವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಮೂವರೂ ಹೊರಟೆವು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆ, ನನ್ನ ಪರ್ಸಿನಲ್ಲಿ ಎರಡು ಇನ್‌ಹೇಲರ್. ದಾರಿಯುದ್ದಕ್ಕೂ ಮಳೆ. ಬೆಟ್ಟದ ಕೆಳಗಿನ ಊರಿನಲ್ಲಿ ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಸರಪಳಿ ಬಾಡಿಗೆಗೆ ತೆಗೆದುಕೊಳ್ಳಲು ಇಳಿದಾಗ, ಅಂಗಡಿಯ ಹೆಂಗಸು ನಮ್ಮನ್ನು, ಅತ್ತೆಯನ್ನು, ಮಳೆಯನ್ನು ಸರದಿಯಂತೆ ನೋಡಿದಳು. ಇವತ್ತು ಬೇಡ, ಶನಿವಾರ ಬನ್ನಿ, ಬಿಸಿಲಿರುತ್ತದೆ ಎಂದಳು. ಬಿಸಿಲು ಬೇಡ ಎಂದೆ. ಬಿಸಿಲು ಬೇಡವೆಂದ ಗಿರಾಕಿಯನ್ನು ಅವಳು ಮೊದಲ ಸಲ ಕಂಡಿರಬೇಕು. ಅಂಗಡಿಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ. ನಾನು ಸುಮ್ಮನಿರಲಾರದೆ, ಅತ್ತೆಗೆ ಅತ್ಯಂತ ದಪ್ಪನೆಯ ಜಾಕೆಟ್ಟನ್ನೂ ಸರಪಳಿಯ ಬಾಡಿಗೆಯಲ್ಲೇ ಸೇರಿಸಿಕೊಡುವಂತೆ ಮಾಡಿದೆ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟ ಅತ್ತೆ ರಸ್ತೆ ರಿಪೇರಿಯ ಸೂಪರ್‌ವೈಸರ್ ಹಾಗೆ ಕಾಣುತ್ತಿದ್ದರು.

ಮೇಲೆಯೂ ಮಳೆಯೇ. ಗಾಳಿಗೆ ಲಿಫ್ಟಿನ ಕುರ್ಚಿಗಳು ತೂಗಾಡುತ್ತ ನಿಂತಿದ್ದವು. ಬೋರ್ಡಿನಲ್ಲಿ ಎಲ್ಲದರ ಮುಂದೆಯೂ 'ಮುಚ್ಚಿದೆ'. ದಿನದ ಪ್ರವಾಸಿಗರಿಗೆಂದು ಇರುವ ದೊಡ್ಡ ಗಾಜಿನ ಕೋಣೆಯಲ್ಲಿ ಒದ್ದೆ ಬಟ್ಟೆಯ ವಾಸನೆ. ಇದ್ದವರೂ ಒಬ್ಬೊಬ್ಬರಾಗಿ ಇಳಿದು ಹೋಗುತ್ತಿದ್ದರು. ಕಿಟಕಿಯ ಎದುರಿಗೇ ಬಾವುಟದ ಕಂಬ. ಬಾವುಟ ನನಗೆ ಬೇಡದ ಕಡೆಗೇ ಪಟಪಟ ಬಡಿಯುತ್ತಿತ್ತು. ನಾವು ಪುಳಿಯೋಗರೆ ತಿಂದೆವು, ಕಾಫಿ ಕುಡಿದೆವು. ಮಧ್ಯಾಹ್ನವಾಯಿತು. ಬಾವುಟ ತಿರುಗಲಿಲ್ಲ.

"ಮಧ್ಯಾಹ್ನ ಅಂದಿದ್ದೆ ನೀನು" ಎಂದರು ಗಂಡ.

"ಗಾಳಿ ಏನು ನಿಮ್ಮ ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ?"

"ಕತ್ತಲಾಗೋಕ್ ಮುಂಚೆ ಇಳೀಬೇಕು. ಚೈನ್ ಹಾಕೋದನ್ನ ನಾನು ವೀಡಿಯೋ ನೋಡಿ ಕಲ್ತಿರೋದು, ಗೊತ್ತಲ್ಲ?"

"ಒಂದು ಗಂಟೆ ಕೊಡಿ."

"ಅರ್ಧ."

"ಒಂದು. ಇಳಿವಾಗ ನಾನು ಬಾಯೇ ಬಿಡಲ್ಲ. ಬ್ರೇಕ್ ಹಾಕಿ, ಸ್ಲೋ ಹೋಗಿ, ಏನೂ ಅನ್ನಲ್ಲ."

ಇದು ಅವರಿಗೆ ತುಂಬ ಲಾಭದ ಒಪ್ಪಂದ. ಒಪ್ಪಿಕೊಂಡರು.

ಅಷ್ಟರಲ್ಲಿ ಭಾವನ ವೀಡಿಯೋ ಕಾಲ್. ಮಳೆ ಬಡಿಯುತ್ತಿದ್ದ ಗಾಜು ಅವರಿಗೆ ಕಾಣಿಸಿತು. "ನಾನ್ ಹೇಳ್ಲಿಲ್ವಾ? ಮಳೆ ಇಲ್ಲೂ ಬರ್ತಿದೆ. ಅಮ್ಮಾ, ಸಾಕು, ಹೊರಡು."

ಅತ್ತೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಾನು ಅಂದಿನವರೆಗೆ ನೋಡದ ಒಂದು ಅಳುಕಿತ್ತು. "ಬರಲ್ವೇನೇ?" ಎಂದರು, ಮೆತ್ತಗೆ. ಜಗಳವಾಡುವ ಅತ್ತೆಗೆ ನಾನು ಜವಾಬು ಕೊಡಬಲ್ಲೆ. ಮೆತ್ತಗೆ ಕೇಳುವ ಅತ್ತೆಗೆ ಏನು ಹೇಳುವುದು? ಸೋಮವಾರ ಇವರು ಹೊರಡುತ್ತಾರೆ. ಇನ್ನು ಬರುವುದಿಲ್ಲ. ಇವತ್ತು ಬೀಳದಿದ್ದರೆ ಇವರ ಪಾಲಿನ ಹಿಮ ಆ ಪಂಪಿನ ನೀರೇ. ಗೋಡೆಯ ಮೇಲಿನ ಚಿತ್ರಕ್ಕೆ ಅದೇ ಉತ್ತರ.

"ಬರುತ್ತೆ" ಎಂದೆ. ಆಧಾರವೇನೂ ಇರಲಿಲ್ಲ. ಫೋನನ್ನು ಟೇಬಲ್ ಮೇಲೆ ಮುಖ ಮೇಲಾಗಿ ಇಟ್ಟು, ಭಾವ ಚಾವಣಿಯನ್ನು ನೋಡುತ್ತಿರಲಿ ಎಂದು ಬಿಟ್ಟು, ಬಾವುಟಕ್ಕೆ ಕಣ್ಣು ನೆಟ್ಟು ಕೂತೆ.

ಮೊದಲು ಬಾವುಟ ಸೋತು ಕಂಬಕ್ಕೆ ಅಂಟಿಕೊಂಡಿತು. ಗಾಳಿ ನಿಂತಿತು ಎನ್ನಿಸಿತು. ಆಮೇಲೆ ಬಾವುಟದ ಒಂದು ಮೂಲೆ ಎದ್ದಿತು, ಇನ್ನೊಂದು ಕಡೆಗೆ. ಇಡೀ ಬಟ್ಟೆ ಒಮ್ಮೆಗೇ ಬಿಚ್ಚಿಕೊಂಡು ಹೊಸ ದಿಕ್ಕಿಗೆ ಹರಿಯತೊಡಗಿತು. ಬಾಗಿಲ ಸಂದಿಯಿಂದ ನುಗ್ಗಿದ ಚಳಿ ಕಾಲಿನ ಗಂಟಿಗೆ ಕಚ್ಚಿತು. ಗಾಜಿಗೆ ಬಡಿಯುತ್ತಿದ್ದ ಮಳೆಯ ಸದ್ದು ಗಟ್ಟಿಯಾಯಿತು. ಸಣ್ಣ ಬಿಳಿ ಕಾಳುಗಳು, ಸಾಬಕ್ಕಿಯ ಹಾಗೆ, ಕಟ್ಟೆಯ ಮೇಲೆ ಪುಟಿದವು. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು.

"ಅತ್ತೆ, ಪಫ್ ತಗೊಳ್ಳಿ" ಎಂದೆ.

ಅವರು ಕಿಟಕಿಯನ್ನು ನೋಡುತ್ತಲೇ ಎರಡು ಸಲ ಎಳೆದುಕೊಂಡರು. ನಾನು ಮಫ್ಲರನ್ನು ಮೂಗಿನವರೆಗೆ ಸುತ್ತಿದೆ. ಗಂಡ ಕೊಡೆ ಬಿಚ್ಚಲು ಹೋದರೆ, "ಕೊಡೆ ಹಿಡ್ಕೊಂಡು ಸ್ನೋ ನೋಡ್ತಾರೇನೋ ಪೆದ್ದ?" ಎಂದು ಮಗನನ್ನು ಪಕ್ಕಕ್ಕೆ ಸರಿಸಿ ಅತ್ತೆ ಹೊರಗೆ ನಡೆದರು.

ಹೊರಗೆ ಕಟ್ಟಡವೂ ಇರಲಿಲ್ಲ, ಲಿಫ್ಟೂ ಇರಲಿಲ್ಲ, ಬೆಟ್ಟವೂ ಇರಲಿಲ್ಲ. ಬರೀ ಬೀಳುವುದು ಇತ್ತು. ಗಾಳಿ ಕಟ್ಟಡದ ಆಚೆ ಬದಿಗೆ ಹೋಗಿದ್ದರಿಂದ ನಮ್ಮ ಮಗ್ಗುಲಲ್ಲಿ ಹಿಮ ಅವಸರವಿಲ್ಲದೆ, ದಾರಿಯಲ್ಲಿ ಅಲ್ಲಲ್ಲಿ ನಿಂತು ವಿಚಾರಿಸಿಕೊಂಡು ಇಳಿಯುತ್ತಿತ್ತು. ಅತ್ತೆ ಅಂಗೈ ಚಾಚಿದರು, ಕೈಗವಸು ತೆಗೆದು ಮತ್ತೆ ಚಾಚಿದರು. ಕಿತ್ತಳೆ ತೋಳಿನ ಮೇಲೆ ಬಿದ್ದದ್ದನ್ನು ಕಣ್ಣ ಹತ್ತಿರ ತಂದು ನೋಡಿದರು. ತಲೆಯ ಮೇಲೆ ಬಿಳುಪು ಕೂರತೊಡಗಿತು, ರೆಪ್ಪೆಯ ಮೇಲೂ.

"ಹೆಂಗಿದೆ ಅತ್ತೆ? ಹಿಟ್ಟಿನ ಥರಾನಾ?"

ಅತ್ತೆ ಮುಖ ಮೇಲೆತ್ತಿ ಬೀಳುವುದನ್ನೇ ನೋಡಿದರು. ಆಮೇಲೆ ಮಫ್ಲರ್ ಕೆಳಗೆಳೆದು ಹೇಳಿದರು: "ಹಿಟ್ಟಿನ ಥರಾನೇ ಕಣೇ. ಆದ್ರೆ ಸದ್ದೇ ಇಲ್ಲ. ಯಾರೋ ಮೆಷಿನ್ ಆಫ್ ಮಾಡ್ಬಿಟ್ಟಿದಾರೆ, ಹಿಟ್ಟು ಮಾತ್ರ ಇನ್ನೂ ಬೀಳ್ತಾನೇ ಇದೆ."

ನಾನೂ ಪಕ್ಕದಲ್ಲಿ ನಿಂತು ಅಂಗೈ ಚಾಚಿದೆ.

ಗಂಡ ಫೋನ್ ಹಿಡಿದು ಹೊರಗೆ ಬಂದರು. ಭಾವ ಇನ್ನೂ ಲೈನಿನಲ್ಲೇ ಇದ್ದರು. ತೆರೆಯ ತುಂಬ ಬಿಳುಪು, ಅದರ ನಡುವೆ ಕಿತ್ತಳೆ ಬಣ್ಣದ ಅಮ್ಮ. ಭಾವನ ಮುಖ ತೆರೆಗೆ ಹತ್ತಿರ ಬಂದದ್ದನ್ನು ನಾನು ಕಂಡೆ. ಆಮೇಲೆ ಭಯ ಮೇಲೆ ಬಂತು. "ಅಮ್ಮಾ! ಮಫ್ಲರ್ ಹಾಕ್ಕೋ! ನೋಡಿದ್ಯಲ್ಲ, ಆಯ್ತು, ಒಳಗ್ ಹೋಗು!"

"ಹೋಗಲ್ಲ."

"ಅಮ್ಮಾ, ಪ್ಲೀಸ್."

"ಮೊದ್ಲು ಆ ಜೂನ್ ಫೋಟೋ ತೆಗಿ."

"ಈಗಾ?"

"ಈಗಲೇ. ನೀನು ತೆಗೀಯೋವರ್ಗೂ ನಾನು ಇಲ್ಲೇ ನಿಂತಿರ್ತೀನಿ. ಚಳಿ ಎಷ್ಟಿದೆ ಗೊತ್ತಾ? ನೋಡು, ಕೆಮ್ಮು ಬರೋ ಹಾಗಿದೆ." ಮುದುಕಿ ನಿಜಕ್ಕೂ ಒಂದು ಸಲ ಕೆಮ್ಮಿ ತೋರಿಸಿದರು.

ಇಪ್ಪತ್ತು ವರ್ಷದಿಂದ ಚೌಕಾಸಿ ಮಾಡುತ್ತ ಬಂದಿದ್ದೇನೆ, ಇಷ್ಟು ನಿರ್ದಯವಾದ ಚೌಕಾಸಿಯನ್ನು ನಾನು ಕಂಡಿಲ್ಲ. ಪ್ಯಾರಮಟ್ಟಾದ ಯಾವುದೋ ಆಫೀಸಿನ ಮೀಟಿಂಗ್ ರೂಮಿನಲ್ಲಿ ಕೂತ ಮ್ಯಾನೇಜರ್ ತಲೆ ಬಗ್ಗಿಸಿ ಪರದೆಯ ಮೇಲೆ ಬೆರಳಾಡಿಸಿದರು. "ತೆಗ್ದೆ ಅಮ್ಮ. ಹೋಯ್ತು. ಈಗ ಒಳಗ್ ಹೋಗು."

"ಒಳ್ಳೇದಪ್ಪ" ಎಂದು ಅತ್ತೆ ಮಫ್ಲರನ್ನು ಮತ್ತೆ ಮೇಲೆಳೆದುಕೊಂಡರು. "ಇನ್ನೊಂದು ಐದು ನಿಮಿಷ."

ಡಾಕ್ಟರು ಕೊಟ್ಟ ಅರ್ಧ ಗಂಟೆಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಅದು ಮುಗಿದಾಗ ನಾನೇ ತೋಳು ಹಿಡಿದು ಒಳಗೆ ಕರೆದುಕೊಂಡು ಬಂದೆ. ಅವರು ತಕರಾರು ಮಾಡಲಿಲ್ಲ. ಗಂಡ ಸರಪಳಿ ಕಟ್ಟಲು ಹೋಗಿ ಎರಡು ಸಲ ಬಿಚ್ಚಿ ಕಟ್ಟಿದರು. ಹಿಮ ಬಾಚುವ ಗಾಡಿಯ ಹಿಂದೆ ಮೆಲ್ಲಗೆ ಬೆಟ್ಟ ಇಳಿದೆವು. ನಾನು ಒಪ್ಪಂದದಂತೆ ತುಟಿ ಬಿಚ್ಚಲಿಲ್ಲ. ಅತ್ತೆ ಹಿಂದಿನ ಸೀಟಿನಲ್ಲಿ ಕೂತು, ನನ್ನ ಬದಲಿಗೆ ಅವರೇ, "ಬ್ರೇಕ್ ಹಾಕೋ, ನಿಧಾನ ಹೋಗೋ" ಎನ್ನುತ್ತ ಬಂದರು.

ಆಮೇಲೆ ಎರಡು ದಿನ ಕೆಮ್ಮಿದರು. ಭಾವ ಫೋನಿನಲ್ಲಿ, "ನೋಡಿದ್ಯಾ?" ಎಂದರು. "ಕೆಮ್ಮು ನಂದು, ನಿಂಗ್ಯಾಕೆ ಅದರ ಲೆಕ್ಕ?" ಎಂದರು ಅತ್ತೆ. ಸೋಮವಾರ ವಿಮಾನ ಹತ್ತುವಾಗ ಉಸಿರು ನೆಟ್ಟಗಿತ್ತು. ಏರ್‌ಪೋರ್ಟಿಗೆ ಭಾವ ಸಿಡ್ನಿಯಿಂದ ಬಂದಿದ್ದರು. ಅಮ್ಮನ ಬ್ಯಾಗು ಹೊತ್ತುಕೊಂಡು, ನನ್ನ ಕಡೆ ತಿರುಗದೆಯೇ, "ಗಾಳಿ ತಿರುಗೋದನ್ನ ಹೆಂಗ್ ನೋಡ್ತಾರೆ, ಒಂದಿನ ಹೇಳ್ಕೊಡು" ಎಂದರು. ಜಿಪ್ಪು ಹರಿದ ಬಟ್ಟೆ ಏನಾದರೂ ಇದ್ದರೆ ತನ್ನಿ, ಅದಕ್ಕೊಂದು ರೇಟ್ ಮಾಡೋಣ ಎಂದೆ.

ಈಗಲೂ ಚಳಿಗಾಲ ಬಂದರೆ ಪರಿಚಯದವರು ಯಾವಾಗ ಹೋಗಬೇಕೆಂದು ಕೇಳುತ್ತಾರೆ. ಆ್ಯಪ್ ಕೆಂಪಾದ ದಿನ, ಗಾಳಿ ತಿರುಗುವ ದಿನ, ಒಂದು ಲೀವ್ ಕಳೆದು, ಸರಪಳಿ, ಔಷಧಿ ಎಲ್ಲ ಇಟ್ಟುಕೊಂಡು, ಕತ್ತಲಿಗೆ ಮುಂಚೆ ಇಳಿಯುವ ಹಾಗೆ ಹೋಗಿ ಎನ್ನುತ್ತೇನೆ. ರಸ್ತೆ ಮುಚ್ಚಿದೆ ಎಂದರೆ ಮಾತ್ರ ಮನೆಯಲ್ಲಿರಿ, ಅದರ ಜೊತೆ ಚೌಕಾಸಿ ನಡೆಯುವುದಿಲ್ಲ. ಅವರು ತಲೆಯಾಡಿಸಿ ಜೂನ್ ಲಾಂಗ್ ವೀಕೆಂಡಿಗೆ ರೂಮ್ ಬುಕ್ ಮಾಡುತ್ತಾರೆ.

ಮೈಸೂರಿನಲ್ಲಿ ಅತ್ತೆಯನ್ನು ಅವರ ಓರಗೆಯವರು ಫೋಟೋ ಎಲ್ಲಿ ಎಂದು ಕೇಳಿದರಂತೆ. ಜೂನಿನದು ಹೋಯಿತು. ಆಗಸ್ಟಿನದನ್ನು ಯಾರೂ ತೆಗೆದಿರಲಿಲ್ಲ. ಅವಸರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೇಳಿದ್ದರೆ ಭಾವ ಯಾವುದಾದರೂ ಹೊಂದಿಸಿ ಕಳಿಸುತ್ತಿದ್ದರು. ಅತ್ತೆ ಕೇಳಲಿಲ್ಲ. ಫೋನಿನಲ್ಲಿ ನನಗೆ ಹೇಳಿದರು:

"ಫೋಟೋ ಇಲ್ಲ, ನಾನೇ ನೋಡಿದೀನಿ, ನಂಬೋದಾದ್ರೆ ನಂಬಿ ಅಂದೆ. ಆ ಕ್ಯಾಲೆಂಡರ್ ಚಿತ್ರಾನೂ ಮಿಲ್ಲಿಂದ ತೆಗೆಸ್ಬಿಟ್ಟೆ ಕಣೇ. ಅದರಲ್ಲಿ ಬೀಳ್ತಿರೋದು ಸರಿಯಾಗಿಲ್ಲ."